ದೂರದ ಬೆಟ್ಟ, ಹತ್ತಿರದ ಬಂಡೆ

ಸಾಯುವುದರೊಳಗೆ ನೋಡಲೇಬೇಕಾದ ಪ್ರಕೃತಿಯ ಅದ್ಭುತಗಳು ಯಾವುವು ಅಂತ ನಮ್ಮ ಕನ್ನಡ ವಿದ್ಯಾರ್ಥಿಗಳನ್ನು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಯಾಗರಾ, ಗ್ರ್ಯಾಂಡ್ ಕ್ಯಾನ್ಯನ್, ಹಿಮಾಲಯ. ಅಭಿಮಾನಕ್ಕೆಂದು ಕೊನೆಯಲ್ಲೊಂದು ಜೋಗ. ತಪ್ಪೇನಿಲ್ಲ. ಮಳೆಗಾಲದಲ್ಲಿ 830 ಅಡಿ ಧುಮುಕುವ ಶರಾವತಿಯ ಮುಂದೆ ಎಂಥ ವಾಚಾಳಿಯೂ ಸುಮ್ಮನಾಗುತ್ತಾನೆ. ನನ್ನ ತಕರಾರು ಇಷ್ಟೇ: ಈ ಪಟ್ಟಿಯಲ್ಲಿ ಹೈದರಾಬಾದು ಯಾಕಿಲ್ಲ? ನಗಬೇಡಿ. ಚಾರ್ಮಿನಾರಿನ ಮಾತಲ್ಲ, ಅದು ಮನುಷ್ಯ ಕಟ್ಟಿದ್ದು. ನಾನು ಹೇಳುತ್ತಿರುವುದು ಬಂಡೆಗಳ ವಿಷಯ.

‘ಬಂಡೆ ಏನ್ ನೋಡ್ತೀಯೋ, ಊರ ತುಂಬ ಅವೇ ಅದಾವಲ್ಲ’ ಅಂದ ರಾಯಚೂರು ಕಡೆಯ ಗೆಳೆಯನೊಬ್ಬ. ಅವನ ಊರಿನಲ್ಲೂ ಅವೇ, ಇಲ್ಲೂ ಅವೇ. ಕಣ್ಣಿಗೆ ಬಿದ್ದದ್ದು ಕಾಣದೆ ಹೋಗುವುದು ಹೀಗೆಯೇ.

ಹೈದರಾಬಾದಿನ ಈ ಗುಲಾಬಿ, ಬೂದು ಬಣ್ಣದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಹಿಮಾಲಯ ಏಳತೊಡಗಿ ಆದದ್ದು ಸುಮಾರು 5 ಕೋಟಿ ವರ್ಷ. ಗ್ರ್ಯಾಂಡ್ ಕ್ಯಾನ್ಯನ್ನಿನ ತಳದಲ್ಲಿರುವ ಅತಿ ಹಳೆಯ ಕಲ್ಲಿಗೂ 180 ಕೋಟಿ ದಾಟಿದೆ ಅಷ್ಟೆ. ಬಾಲಾನಗರದ ಶೆಡ್ಡುಗಳ ನಡುವೆ, ಲೇಥ್ ಯಂತ್ರಗಳ ಸದ್ದಿನಲ್ಲಿ ನಡೆಯುವಾಗ ನಮ್ಮ ಕಾಲ ಕೆಳಗಿರುವುದು ಈ ಮುತ್ತಜ್ಜನೇ.

ಇವನ್ನು ಯಾರೋ ರಾಕ್ಷಸ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತದೆ, ಅಲ್ಲವೆ? ಯಾರೂ ಪೇರಿಸಿದ್ದಲ್ಲ, ಎಲ್ಲಿಂದಲೂ ಉರುಳಿ ಬಂದದ್ದೂ ಅಲ್ಲ. ನೆಲದೊಳಗೆ ಬಹು ಆಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿದ್ದ ನೆಲವೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋಗಿ ಭಾರ ಇಳಿದಾಗ ಗ್ರಾನೈಟು ಹಿಗ್ಗಿತು, ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟಿತು. ಬಿರುಕಿನೊಳಗೆ ನೀರು ಇಳಿಯಿತು. ಚೌಕ ತುಂಡಿನ ಮೂಲೆಗಳನ್ನು ನೀರು ಎರಡು ಮೂರು ಕಡೆಯಿಂದ ತಿನ್ನುತ್ತದೆ, ಹಾಗಾಗಿ ಮೂಲೆ ಮೊದಲು ಕರಗಿ ಕಲ್ಲು ದುಂಡಗಾಗುತ್ತದೆ. ಸುತ್ತಲಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಉಳಿದದ್ದೇ ಈ ಗುಂಡುಗಳು, ಇದ್ದಲ್ಲೇ, ಇದ್ದ ಹಾಗೆಯೇ. ಆನೆ ಗಾತ್ರದ ಬಂಡೆ ಅಂಗೈಯಷ್ಟು ಜಾಗದ ಮೇಲೆ ಕೂತಿರುವ ಗುಟ್ಟು ಇದು. ಅಡಿಯ ಒಂದು ಕಲ್ಲು ತೆಗೆದರೆ ಇಡೀ ಸಂಸಾರ ಉರುಳುತ್ತದೆ.

ಬೇರೆಯವರು ಇಂಥ ಬಂಡೆಗಳನ್ನು ಹೇಗೆ ನೋಡಿಕೊಳ್ಳುತ್ತಾರೆ? ಜಿಂಬಾಬ್ವೆಯಲ್ಲಿ ಹರಾರೆಯ ಪಕ್ಕದ ಎಪ್ವರ್ತ್ ಎಂಬಲ್ಲಿ ಹೀಗೆಯೇ ತೂಗಿ ನಿಂತ ಬಂಡೆಗಳಿವೆ. ಆ ಬಡದೇಶ ಅವುಗಳ ಚಿತ್ರವನ್ನು ತನ್ನ ನೋಟಿನ ಮೇಲೆ ಅಚ್ಚು ಹಾಕಿತು. ಆಸ್ಟ್ರೇಲಿಯಾದ ಕಾರ್ಲು ಕಾರ್ಲು ಎಂಬಲ್ಲಿಯ ಗುಂಡೊಂದನ್ನು 1950ರ ದಶಕದಲ್ಲಿ ಜಾನ್ ಫ್ಲಿನ್ ಎಂಬ ದೊಡ್ಡ ಮನುಷ್ಯನ ಸಮಾಧಿಗೆಂದು ಸಾಗಿಸಿದ್ದರು. ಅದು ನಮ್ಮ ಪವಿತ್ರ ಸ್ಥಳದ್ದು ಎಂದು ಅಲ್ಲಿನ ಮೂಲನಿವಾಸಿಗಳು ಪಟ್ಟು ಹಿಡಿದರು. ಕೊನೆಗೆ 1999ರಲ್ಲಿ ಸಮಾಧಿಗೆ ಬೇರೆ ಕಲ್ಲು ಇಟ್ಟು, ಆ ಗುಂಡನ್ನು ಅದರ ಜಾಗಕ್ಕೆ ವಾಪಸು ತಂದರು. ಒಂದೇ ಒಂದು ಕಲ್ಲಿಗಾಗಿ! ನಾವು ಗುಡ್ಡಕ್ಕೆ ಗುಡ್ಡವನ್ನೇ ಜಲ್ಲಿ ಮಾಡಿ ರಸ್ತೆಗೆ ಸುರಿಯುತ್ತೇವೆ.

ಹಂಪೆಯನ್ನು ನೆನೆಸಿಕೊಳ್ಳಿ. ಮಾತಂಗ ಬೆಟ್ಟದ ಮೇಲಿಂದ ಕಾಣುವುದರಲ್ಲಿ ಗುಡಿಗೋಪುರ ಎಷ್ಟು, ಬಂಡೆ ಎಷ್ಟು? ಬಂಡೆ ತೆಗೆದುಬಿಟ್ಟರೆ ಅದು ಹಂಪೆಯೇ ಅಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಗುಡಿಗಳ ಹೆಸರಿನಲ್ಲಿ. ಆದರೆ ನೋಡಿದವರ ಕನಸಿನಲ್ಲಿ ಬರುವುದು ಬಂಡೆಗಳೇ ಎಂದು ನನ್ನ ಅನುಮಾನ. ವಿಜಯನಗರದವರೂ ಬಂಡೆ ಸೀಳಿದರು, ಉಳಿ ಹೊಡೆದ ತೂತುಗಳ ಸಾಲು ಇವತ್ತಿಗೂ ಕಾಣುತ್ತದೆ. ಸೀಳಿದ ಮೇಲೂ ಬೆಟ್ಟ ಬೆಟ್ಟವಾಗಿಯೇ ಉಳಿಯಿತು, ಯಾಕೆಂದರೆ ಉಳಿಗೆ ಒಂದು ಮಿತಿ ಇತ್ತು. ಸಿಡಿಮದ್ದಿಗೂ ಕ್ರಷರಿಗೂ ಅಂಥ ಮಿತಿಯಿಲ್ಲ.

ಜನಕ್ಕೆ ಮನೆ ಬೇಡವೆ, ಕಲ್ಲು ಒಡೆದು ಉಣ್ಣುವವರ ಹೊಟ್ಟೆಗೆ ಏನು ಅಂತ ಕೇಳುವವರಿದ್ದಾರೆ. ಕೇಳಬೇಕಾದ್ದೇ. ಆದರೆ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಗುಡ್ಡಗಳ ಮೇಲೆ ಎದ್ದದ್ದು ಬಡವರ ಮನೆಗಳಂತೂ ಅಲ್ಲ. ಕಲ್ಲು ಒಡೆದವನಿಗೆ ಆ ಮನೆಯ ಗೇಟಿನೊಳಗೆ ಪ್ರವೇಶವೂ ಇಲ್ಲ. ಅದೇ ಕಡೆ ಕೆಲವರು ಬಂಡೆಯನ್ನು ಅಂಗಳದಲ್ಲೇ ಉಳಿಸಿಕೊಂಡು ಮನೆ ಕಟ್ಟಿದ್ದಾರೆ. ಮನಸ್ಸಿದ್ದರೆ ಆಗುತ್ತದೆ.

ಸೊಸೈಟಿ ಟು ಸೇವ್ ರಾಕ್ಸ್ ಎಂಬ ಸಂಸ್ಥೆ 1996ರಿಂದ ಈ ಬಂಡೆಗಳಿಗಾಗಿ ಕೂಗಿಕೊಳ್ಳುತ್ತ ಬಂದಿದೆ. ಅವರ ಪ್ರಯತ್ನದಿಂದ ಕೆಲವು ಬಂಡೆಗಳು ಪಾರಂಪರಿಕ ಪಟ್ಟಿಗೂ ಸೇರಿದ್ದವು. ಆ ಪಟ್ಟಿಗೆ ಆಧಾರವಾಗಿದ್ದ ನಿಯಮವನ್ನೇ ಸರಕಾರ 2015ರಲ್ಲಿ ತೆಗೆದುಹಾಕಿತು. 2025ರ ಮಾರ್ಚ್ ಕೊನೆಯಲ್ಲಿ ಕಂಚ ಗಚ್ಚಿಬೌಲಿಯ ಸುಮಾರು 400 ಎಕರೆಗೆ ಬುಲ್ಡೋಜರು ನುಗ್ಗಿದಾಗ ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎದ್ದು ನಿಂತರು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಕೆಲಸ ನಿಲ್ಲಿಸಿತು. ನಮ್ಮ ವಯಸ್ಸಿನವರೇ ಅವರು. ಆಗ ಎಲ್ಲರ ಬಾಯಲ್ಲಿ ಬಂದದ್ದು ಮರ, ನವಿಲು, ಜಿಂಕೆ. ಸರಿಯೇ. ಆದರೆ ಕಡಿದ ಮರದ ಜಾಗದಲ್ಲಿ ಇನ್ನೊಂದನ್ನು ನೆಡಬಹುದು, ನಮ್ಮ ಮೊಮ್ಮಕ್ಕಳಿಗೆ ನೆರಳಾದೀತು. ಸಿಡಿಸಿದ ಬಂಡೆಗೆ ಸಸಿ ಎಲ್ಲಿಂದ ತರೋದು?

ಅದಕ್ಕೇ ನಮ್ಮ ಸಂಘಕ್ಕೆ ಒಂದು ಸೂಚನೆ. ಈ ವರ್ಷದ ಪ್ರವಾಸ ಜೋಗಕ್ಕೋ ಊಟಿಗೋ ಅಂತ ಚರ್ಚೆ ನಡೆದಿದೆಯಷ್ಟೆ. ಅದು ನಡೆಯಲಿ. ಅದಕ್ಕೆ ಮುಂಚೆ ಒಂದು ಭಾನುವಾರ ಬಾಲಾನಗರದಿಂದ ಬಸ್ಸು ಹಿಡಿದು ಖಾಜಾಗುಡದ ಗುಡ್ಡಕ್ಕೆ ಹೋಗೋಣ. ಇನ್ನೊಂದು ಭಾನುವಾರ ಗೋಲ್ಕೊಂಡ. ಅಲ್ಲಿ ಕೋಟೆಯ ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಯಿತು ಅಂತ ಹುಡುಕುವುದೇ ಒಂದು ಆಟ. ವಿಶ್ವವಿದ್ಯಾಲಯದ ಆವರಣದಲ್ಲಿ ಅಣಬೆಯಂತೆ ನಿಂತ ಮಶ್ರೂಮ್ ರಾಕ್ ಇದೆ, ಅದಕ್ಕೆ ಮಾತ್ರ ಮೊದಲೇ ಅನುಮತಿ ಕೇಳಬೇಕಾದೀತು. ಹೆಸರು ಕೊಡುವವರು ಬೇಗ ಕೊಡಿ. ಹೊರಡುವುದು ಬೆಳಿಗ್ಗೆ ಆರಕ್ಕೆ, ಹನ್ನೊಂದರ ಮೇಲೆ ಬಂಡೆ ಕಾದು ಕೂರಲಿಕ್ಕಾಗೋದಿಲ್ಲ. ನೀರು ಅವರವರೇ ತರಬೇಕು.