ಗೋದಲಿಗೆ ಅಡ್ಡವಾಗಿ ವೇದಿಕೆ ಹಾಕಿದವರು ನಾವೇ

ಡಿಸೆಂಬರ್ 23ರ ರಾತ್ರಿಗೇ ನಮ್ಮ ಕ್ರಿಸ್ಮಸ್ ಮುಗಿದಿರುತ್ತದೆ. ‘ಜಿಲ್ಲೆಯಾದ್ಯಂತ ಸಡಗರ ಸಂಭ್ರಮದ ಕ್ರಿಸ್ಮಸ್’ ಎಂದು ತಲೆಬರಹ ಕೊಟ್ಟು, ಕ್ರೈಸ್ತ ಬಾಂಧವರು ಚರ್ಚ್‌ಗಳಿಗೆ ತೆರಳಿ ವಿಶೇಷ ಪ್ರಾರ್ಥನೆ ಸಲ್ಲಿಸಿದರು, ಪರಸ್ಪರ ಕೇಕ್ ಹಂಚಿ ಶುಭಾಶಯ ವಿನಿಮಯ ಮಾಡಿಕೊಂಡರು ಎಂದು ನುಡಿಯಲ್ಲಿ ಕುಟ್ಟಿ ಇಟ್ಟುಬಿಡುತ್ತೇವೆ. ಹೋದ ವರ್ಷದ ಕಾಪಿ ತೆಗೆದು ಇಸವಿ ಬದಲಿಸಿದರೂ ನಡೆಯುತ್ತದೆ. ಇನ್ನು ಬೇಕಾದದ್ದು ಫೋಟೊ ಮಾತ್ರ.

ಆ ‘ಬಾಂಧವರ’ಲ್ಲಿ ನಾವೂ ಸೇರಿದ್ದೇವೆ ಎನ್ನುವುದನ್ನು ಡೆಸ್ಕಿನವರು ಮರೆತಿರುತ್ತಾರೆ. ನಮಗೂ ಅನೇಕ ಸಲ ಮರೆತುಹೋಗಿದೆ. (ಸುದ್ದಿಯಲ್ಲಿ ‘ನಾನು’ ಬರಕೂಡದು ಎಂದು ಡಿಪ್ಲೊಮಾ ಕ್ಲಾಸಿನಲ್ಲಿ ಕಲಿಸಿದ್ದು ಇನ್ನೂ ಕೈ ಬಿಟ್ಟಿಲ್ಲ. ಇಲ್ಲಿಯೂ ‘ನಾವು’ ಎಂದೇ ಬರೆಯುತ್ತೇವೆ. ಅದರಲ್ಲಿ ನಮ್ಮ ಮನೆಯವರನ್ನೂ ಜಿಲ್ಲೆಯ ನಮ್ಮಂಥ ಸ್ಟ್ರಿಂಗರ್‌ಗಳನ್ನೂ ಸೇರಿಸಿಕೊಂಡು ಓದಿರಿ.)

ಹೋದ ವರ್ಷ 24ರ ರಾತ್ರಿ ಬಳ್ಳಾರಿಯ ಒಂದು ಚರ್ಚ್ ಆವರಣದಲ್ಲಿ ನಿಂತಿದ್ದೆವು. ಹುಡುಗರು ಒಂದು ವಾರ ನಿದ್ದೆಗೆಟ್ಟು ಗೋದಲಿ ಕಟ್ಟಿದ್ದರು. ಅದರ ಮುಂದೆಯೇ ವೇದಿಕೆ. ವೇದಿಕೆಗೆ ಬೇರೆ ಜಾಗವಿರಲಿಲ್ಲ ಎಂದರು. ಜಾಗ ಇತ್ತು, ಆದರೆ ಅಲ್ಲಿ ಹಾಕಿದರೆ ಮುಖಂಡರ ಕಾರು ಒಳಗೆ ಬರುತ್ತಿರಲಿಲ್ಲ. ಒಂಬತ್ತಕ್ಕೆ ಬರಬೇಕಿದ್ದವರು ಹತ್ತೂವರೆಗೆ ಬಂದರು. ಶಾಲು, ಹಾರ, ಪೇಟ, ಮತ್ತೆ ಶಾಲು. ಅಪ್ಪನ ಹೆಗಲ ಮೇಲೆ ಕೂತಿದ್ದ ಒಂದು ಕೂಸು ‘ಪಾಪು ಎಲ್ಲೈತಿ?’ ಎಂದು ಕೇಳುತ್ತಲೇ ಇತ್ತು. ‘ಸ್ಟೇಜ್ ಹಿಂದ ಐತಿ, ಆಮ್ಯಾಲೆ ನೋಡೋಣು’ ಎಂದ ಅಪ್ಪ, ಆಟೊ ಸಿಗಲಾರದೆಂದು ಹನ್ನೊಂದಕ್ಕೆ ಎದ್ದು ಹೋದ. ಕೂಸು ನಿದ್ದೆ ಹೋಗಿತ್ತು.

ನಾವು ತೆಗೆದದ್ದು ಕೇಕ್ ಕತ್ತರಿಸುವ ಫೋಟೊ. ಅದು ಚೆನ್ನಾಗಿಯೇ ಬಂತು. ಅಡಿಬರಹದಲ್ಲಿ ಹನ್ನೊಂದು ಹೆಸರುಗಳಿದ್ದವು. ಯೇಸುವಿನ ಹೆಸರಿರಲಿಲ್ಲ. ಅದನ್ನು ತೋರಿಸಿದವರು ನಮ್ಮ ಅವ್ವ. ಬೈಯಲಿಲ್ಲ. ಪೇಪರನ್ನು ಮಡಚಿ, ಕರ್ಜಿಕಾಯಿ ಡಬ್ಬಿಯ ತಳಕ್ಕೆ ಹಾಸಿದರು, ಅಷ್ಟೇ.

ಕ್ರಿಸ್ಮಸ್ ಕೆಟ್ಟಿತು ಎಂದು ದೂರುವವರು ಸಾಮಾನ್ಯವಾಗಿ ಮಾಲ್‌ಗಳನ್ನೂ ಕೆಂಪಂಗಿಯ ಕ್ರಿಸ್ಮಸ್ ತಾತನನ್ನೂ ಬೈಯುತ್ತಾರೆ. ನಮಗೆ ತಾತನ ಮೇಲೆ ಸಿಟ್ಟಿಲ್ಲ. ಪಾಪ, ಮೈರಾ ಎಂಬ ಊರಿನ ಬಿಷಪ್ ನಿಕೋಲಸ್ ಬಡಮಕ್ಕಳಿಗೆ ಗುಟ್ಟಾಗಿ ಕೊಟ್ಟು ಹೋದವನೆಂದು ಕಥೆ. ಅವನು ಫೋಟೊಗೆ ನಿಲ್ಲುತ್ತಿರಲಿಲ್ಲ. ನಮ್ಮ ಜಿಲ್ಲೆಯ ವಿಷಯ ಬೇರೆ. ಇಲ್ಲಿಯ ಬಹುಪಾಲು ಕ್ರೈಸ್ತ ಮನೆಗಳಿಗೆ ಡಿಸೆಂಬರ್ ಶಾಪಿಂಗಿನ ತಿಂಗಳಲ್ಲ, ದುಡಿಮೆಯ ತಿಂಗಳು. ಸಿರುಗುಪ್ಪ ಕಡೆ ಭತ್ತದ ಕೊಯ್ಲು, ರಸ್ತೆಯ ಮೇಲೆಲ್ಲ ಒಣಗಲು ಹಾಕಿದ ಕಾಳು, ಮಿಲ್ಲಿನ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ಕಾಲುವೆಗೆ ನೀರು ಬಿಡುತ್ತಾರೆಂದರೆ ಎರಡನೇ ಬೆಳೆಗೆ ಸಸಿಮಡಿಯ ಅವಸರ. (2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಗೇಟಿನ ನಂಬರೂ ಸೇರಿತ್ತು.) ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸಿಗಿಷ್ಟು ಎಂದು ಹೊಲಿಯುವವರಿಗೆ ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಸಂಕ್ರಾಂತಿಗೆ ಮಾಲು ಹೋಗಬೇಕೆಂದರೆ 24ರ ರಾತ್ರಿಯೂ ಮಷಿನ್ ನಡೆಯುತ್ತದೆ. ಬೆಂಗಳೂರಿಗೆ ಗುಳೆ ಹೋದವರು 25ರ ಬೆಳಗಿನ ಬಸ್ಸಿಗೆ ಬಂದಿಳಿದು, ಮರುದಿನ ರಾತ್ರಿ ಮತ್ತೆ ಹೊರಡುತ್ತಾರೆ.

ಇಂಥವರಿಗೆ ಹಬ್ಬದ ನಡುವೆ ವಿಶ್ವಾಸವನ್ನು ಉಳಿಸಿಕೊಳ್ಳಿರಿ ಎಂದು ಪ್ರಸಂಗ ಮಾಡುವುದು ಸುಲಭ. ಅವರು ಬರಬಹುದಾದ ಒಂದು ತಾಸನ್ನು ಭಾಷಣಕ್ಕೆ ಕೊಟ್ಟುಬಿಟ್ಟವರು ನಾವು. ಮೊದಲು ಅದನ್ನು ಒಪ್ಪಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಡಿಸೆಂಬರ್ ಕೊನೆಯಲ್ಲಿ, ರಾತ್ರಿ ಸಿರುಗುಪ್ಪದಿಂದ ಬೈಕಿನಲ್ಲಿ ವಾಪಸು ಬರುತ್ತಿದ್ದೆವು. ಕೊಯ್ಲಾದ ಗದ್ದೆಯೊಂದರಲ್ಲಿ ಬೆಂಕಿ ಕಂಡು ನಿಂತೆವು. ಕುರಿ ತರುಬಿದ್ದರು. ಕೊಯ್ಲು ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಹಿಂಡು ನಿಲ್ಲಿಸುವುದು, ಕುರುಬರು ಕಂಬಳಿ ಹೊದ್ದು ಕಾಯುವುದು ಈ ಭಾಗದವರಿಗೆ ಹೊಸದೇನಲ್ಲ. ನಮಗೆ ಅವತ್ತು ಹೊಸದಾಗಿ ಕಂಡಿತು. ಲೂಕನು ಬರೆದ ಸುವಾರ್ತೆಯ ಎರಡನೇ ಅಧ್ಯಾಯ ನಮ್ಮ ರಸ್ತೆ ಪಕ್ಕದಲ್ಲೇ ಕೂತಿತ್ತು. ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಹೆರೋದನ ಅರಮನೆಗಲ್ಲ, ದೇವಾಲಯದ ಯಾಜಕರಿಗೂ ಅಲ್ಲ. ಹೊಲದಲ್ಲಿ ರಾತ್ರಿಪಾಳಿ ಮಾಡುತ್ತಿದ್ದವರಿಗೆ.

ಹಿರಿಯ ಕುರುಬನೊಬ್ಬ ಬೀಡಿ ಹಚ್ಚಿಕೊಂಡು, ಎಲ್ಲಿಂದ ಬಂದ್ರಿ ಎಂದು ಕೇಳಿದ. ಊರಿನ ಕ್ರಿಸ್ಮಸ್ ಕಾರ್ಯಕ್ರಮದಿಂದ ಎಂದೆವು. ‘ಹೂಂ, ಗೊತ್ತೈತಿ. ನಾವು ಅಲ್ಲೇ ಸಮೀಪದ ಹೊಲದಾಗ ಇದ್ವಿ. ಸೌಂಡಿಗೆ ಕುರಿ ಬೆದರಿದ್ವು ಅಂತ ಈಕಡಿ ಹೊಡಕೊಂಡು ಬಂದ್ವಿ’ ಎಂದ. ಆ ಕಾರ್ಯಕ್ರಮದಲ್ಲಿ ಮಕ್ಕಳು ಕಂಬಳಿ ಹೊದ್ದು ಕುರುಬರ ವೇಷ ಹಾಕಿದ್ದರು. ಅದರ ಫೋಟೊ ನಮ್ಮ ಕ್ಯಾಮರಾದಲ್ಲೇ ಇತ್ತು. ಅವನಿಗೆ ತೋರಿಸಲು ಧೈರ್ಯ ಬರಲಿಲ್ಲ.

ಗೋದಲಿ ಎಂಬುದನ್ನು ಜನಪ್ರಿಯ ಮಾಡಿದವರು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು, ಕತ್ತೆ ತಂದು ಕಟ್ಟಿ ಹಳ್ಳಿಯವರನ್ನು ಕರೆದರು. ನಮ್ಮ ಜಿಲ್ಲೆಯಲ್ಲಿ ಹುಲ್ಲಿಗೇನು ಬರ, ಡಿಸೆಂಬರ್‌ನಲ್ಲಿ ಬಣವೆಗಳೇ ಬಣವೆ. ಆದರೂ ಥರ್ಮಾಕೋಲ್ ತರುತ್ತೇವೆ.

ಕುರುಗೋಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇರೆ ಬಗೆಯ ಹಬ್ಬ ನೋಡಿದ್ದೇವೆ. ತಗಡಿನ ಶೀಟಿನ ಪ್ರಾರ್ಥನಾ ಮಂದಿರ, ನಲವತ್ತು ಐವತ್ತು ಜನ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳೇ ಹೆಚ್ಚು. ಏಳಕ್ಕೆ ಕೂಲಿಗೆ ಹೊರಡಬೇಕಾದ್ದರಿಂದ ಅಲ್ಲಿ ಆರಾಧನೆ ಬೆಳಗಿನ ಜಾವ ನಾಲ್ಕೂವರೆಗೆ. ವಾಕ್ಯ ಓದಿದವರು ಪಾಸ್ಟರ್ ಅಲ್ಲ, ದೊಡ್ಡವರಾದ ಮೇಲೆ ಅಕ್ಷರ ಕಲಿತ ಒಬ್ಬ ಕೂಲಿ ಹೆಂಗಸು. ಬೆರಳಿಟ್ಟು ಓದಿದರು. ಜನಗಣತಿಗೆ ಹೆಸರು ಬರೆಸಲು ತುಂಬು ಬಸುರಿಯೊಂದಿಗೆ ಯೋಸೇಫನು ಊರಿಗೆ ಹೊರಟ ಭಾಗ ಬಂದಾಗ, ಗುಳೆ ಹೋಗಿ ಬಂದವರು ತಲೆಯಾಡಿಸಿದರು. ಛತ್ರದಲ್ಲಿ ಜಾಗ ಸಿಗಲಿಲ್ಲ ಎಂಬಲ್ಲಿ ಯಾರೋ ‘ಅಯ್ಯೋ’ ಎಂದರು. ನಲವತ್ತು ನಿಮಿಷಕ್ಕೆ ಮುಗಿಯಿತು. ಆಮೇಲೆ ಚಹಾ, ಮಂಡಾಳು.

ಮುಖಂಡರು ಬಂದರೆ ಏನು ಮಾಡುತ್ತೀರಿ ಅಯ್ಯನವರೇ, ಎಂದು ಪಾಸ್ಟರನ್ನು ಕೇಳಿದೆವು. ‘ಬರ್ರಿ ಅಂತೀವಿ, ಕೂಡ್ರಿ ಅಂತೀವಿ, ಚಹಾ ಕುಡೀರಿ ಅಂತೀವಿ. ಮೈಕ್ ಇಲ್ಲಲ್ಲ’ ಎಂದರು.

ಇದನ್ನು ಬರೆಯುವಾಗಲೇ ಬಳ್ಳಾರಿಯ ಸಭೆಯ ಹಿರಿಯರೊಬ್ಬರ ಮಾತು ನೆನಪಾಗುತ್ತದೆ. ‘ನಿನಗೇನಪ್ಪಾ, ಬರೆದು ಹೋಗ್ತೀಯಾ. ಅವರು ವೇದಿಕೆ ಮೇಲೆ ಬಂದು ಕೂತರೆ ವರ್ಷಪೂರ್ತಿ ನಮಗೆ ಧೈರ್ಯ’ ಎಂದಿದ್ದರು. ಇದನ್ನು ತಳ್ಳಿಹಾಕುವ ಹಾಗಿಲ್ಲ. ಮತಾಂತರ ನಿಷೇಧದ ಮಸೂದೆಯನ್ನು ನಮ್ಮ ವಿಧಾನಸಭೆ ಅಂಗೀಕರಿಸಿದ್ದು 2021ರ ಡಿಸೆಂಬರ್ 23ರಂದು, ಹಬ್ಬಕ್ಕೆ ಎರಡು ದಿನ ಮೊದಲು. ಆ ವರ್ಷ ಕ್ಯಾರಲ್ಸ್‌ಗೆ ಹೊರಡುವ ಮುಂಚೆ ಯಾವ ಓಣಿಗೆ ಹೋಗಬೇಕು, ಯಾವುದಕ್ಕೆ ಬೇಡ ಎಂದು ನಮ್ಮ ಮನೆಯಲ್ಲೇ ಲೆಕ್ಕ ಹಾಕಿದ್ದೆವು. ಸಣ್ಣ ಸಮುದಾಯಕ್ಕೆ ನಾಲ್ಕು ಜನ ದೊಡ್ಡವರ ಪರಿಚಯ ಬೇಕು, ನಿಜ. ಆದರೆ ಅದಕ್ಕೆ 24ರ ರಾತ್ರಿಯೇ ಆಗಬೇಕೆ? ಹಬ್ಬ ಮುಗಿದ ಮೇಲೆ ಹೊಸ ವರ್ಷದ ಒಂದು ಸಂಜೆ ಸೌಹಾರ್ದ ಕೂಟ ಕರೆಯಿರಿ. ಎಷ್ಟು ಶಾಲು ಬೇಕಾದರೂ ಹೊದಿಸಿರಿ. ಫೋಟೊ ತೆಗೆಯಲು ನಾವೇ ಬರುತ್ತೇವೆ.

ಬಳ್ಳಾರಿಯ ಕ್ರೈಸ್ತರಿಗೆ ವಾಕ್ಯ ಓದುವುದು ದೊಡ್ಡ ವಿಷಯವಾಗಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ನಿಘಂಟು ಮಾಡಿದ ವಿಲಿಯಂ ರೀವ್ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ನಮ್ಮ ಕಸುಬಿಗೂ ಇದರ ನಂಟಿದೆ. ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವಲ್ಲ, ಹರ್ಮನ್ ಮೋಗ್ಲಿಂಗ್ 1843ರಲ್ಲಿ ಶುರುಮಾಡಿದ ಆ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಯಲ್ಲಿ ಅಚ್ಚಾಗತೊಡಗಿ ‘ಕನ್ನಡ ಸಮಾಚಾರ’ ಆಯಿತು. ಇಂಥ ಊರಲ್ಲಿ ಈಗ ಕ್ರಿಸ್ಮಸ್ ರಾತ್ರಿ ವಾಕ್ಯ ಓದುವವರಿಗೆ ‘ಸ್ವಲ್ಪ ಬೇಗ ಮುಗಿಸಿ, ಗಣ್ಯರು ಹೊರಡಬೇಕಂತೆ’ ಎಂದು ಚೀಟಿ ಹೋಗುತ್ತದೆ.

ಮನೆಯೊಳಗಿನ ಲೆಕ್ಕವೂ ಬಾಕಿ ಇದೆ. ಗಡಿಬಿಡಿ ಎಂದರೆ ಯಾರ ಗಡಿಬಿಡಿ? ಸುಣ್ಣ ಬಣ್ಣ, ಕರ್ಜಿಕಾಯಿ, ಚಕ್ಕುಲಿ, ಓಣಿಯ ಮನೆಮನೆಗೆ ತಟ್ಟೆ, ಮಧ್ಯಾಹ್ನಕ್ಕೆ ಬಿರಿಯಾನಿ, ಎಲ್ಲ ಅವ್ವನ ಮತ್ತು ನಮ್ಮ ಮನೆಯಾಕೆಯ ತಲೆ ಮೇಲೆ. 24ರ ರಾತ್ರಿ ಆರಾಧನೆಯಲ್ಲಿ ಅವ್ವ ತೂಕಡಿಸುತ್ತಾರೆ, ಪ್ರತಿ ವರ್ಷ. ಮಾರ್ಥ ಮತ್ತು ಮರಿಯಳ ಕಥೆ ಹೇಳಿ, ಅಡುಗೆಯಲ್ಲೇ ಮುಳುಗಿದ ಮಾರ್ಥಳಂತಾಗಬೇಡಿ ಎಂದು ಹೆಂಗಸರಿಗೆ ಬುದ್ಧಿ ಹೇಳುವ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇವೆ. ಅದನ್ನು ಕೇಳಿ ಎದ್ದು ಹೋಗಿ ಬಾಣಲೆ ಮುಂದೆ ಕೂತ ಗಂಡಸರನ್ನು ನೋಡಿಲ್ಲ. ನಾವಂತೂ ಕೂತಿಲ್ಲ. ಸುದ್ದಿ ಕಳಿಸಬೇಕಿತ್ತು.

ಈ ಸಲ ಸ್ವಲ್ಪ ಬದಲಿಸಿದ್ದೇವೆ. ಕರ್ಜಿಕಾಯಿ 22ಕ್ಕೇ ಆಗಬೇಕು, ಕರಿಯುವವರು ನಾವು, ತುಂಬಿ ಮಡಚುವವರು ಮಕ್ಕಳು. ಮೊದಲ ಘಾಣ ಕಪ್ಪಗಾದರೂ ಯಾರೂ ಮಾತಾಡಕೂಡದು. 24ರ ಸಂಜೆ ನಮ್ಮ ಓಣಿಯ ಜೀನ್ಸ್ ಹೊಲಿಯುವ ಎರಡು ಮನೆಯವರು ಪಾಳಿಯ ನಡುವೆ ಊಟಕ್ಕೆ ಬರುವ ಹೊತ್ತು ಎಂಟು ಗಂಟೆ. ಆಗಲೇ ನಮ್ಮ ಮನೆಯಲ್ಲಿ ವಾಕ್ಯ, ಒಂದು ಹಾಡು, ಪ್ರಾರ್ಥನೆ, ಅವರೊಂದಿಗೆ ಊಟ. ಓದುವವರು ಅವ್ವ. ತೂಕಡಿಸುವ ಹೊತ್ತಿಗೆ ಮುಂಚೆಯೇ ಇಟ್ಟಿದ್ದೇವೆ. ಗೋದಲಿಗೆ ಹುಲ್ಲು ತರಲು ಸಿರುಗುಪ್ಪದ ಗೆಳೆಯನಿಗೆ ಹೇಳಿಯಾಗಿದೆ.

‘ಸಡಗರ ಸಂಭ್ರಮ’ದ ಸುದ್ದಿಯನ್ನು ಈ ವರ್ಷ 23ಕ್ಕೆ ಬರೆಯುವುದಿಲ್ಲ. ಆದದ್ದನ್ನು ಆದ ಮೇಲೆ ಬರೆಯುತ್ತೇವೆ. ಫೋಟೊ ಬೇಕಾದವರು 25ರ ಮಧ್ಯಾಹ್ನದ ಮೇಲೆ ಫೋನ್ ಮಾಡಿರಿ.