ಗೂಡಿಗೆ ಕಸ, ಕೇರಿಗೆ ಹೊಗೆ

ಬೆಂಕಿಗೆ ಜಾತಿ ಇಲ್ಲ ಅಂತ ಹೇಳ್ತಾರೆ. ಸುಳ್ಳು. ಬೆಂಕಿಗೆ ಸೌದೆ ಹೊರುವವನಿಗೆ ಜಾತಿ ಇದೆ. ಬೂದಿ ಬಾಚುವವಳಿಗೆ ಜಾತಿ ಇದೆ. ಸುಡುಗಾಡಿನಲ್ಲಿ ಹೆಣ ಸುಡುವವನಿಗೆ ಜಾತಿ ಇದೆ. ಪಕ್ಕದಲ್ಲಿ ಕೂತು ಚಳಿ ಕಾಯಿಸಿಕೊಳ್ಳುವವನಿಗೂ ಇದೆ, ಅದು ಬೇರೆ ಜಾತಿ. ಈಗ ಕಾರ್ಖಾನೆಯ ಬೆಂಕಿಗೆ ಹೊಸ ಸೌದೆ ಬಂದಿದೆ. ಅದರ ಹೆಸರು ‘ಪರ್ಯಾಯ ಇಂಧನ’. ಈ ಹೊಸ ಸೌದೆಯನ್ನು ಹೊರುವವರು ಯಾರು, ಇದರ ಹೊಗೆ ಕುಡಿಯುವವರು ಯಾರು ಅಂತ ಯಾರೂ ಕೇಳ್ತಿಲ್ಲ. ನಾವು ಕೇಳೋಣ.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡದ ಕಡೆ ಹೋದವರಿಗೆ ಗೊತ್ತು. ನೆಲದಡಿ ಸುಣ್ಣದಕಲ್ಲು, ನೆಲದ ಮೇಲೆ ಸಿಮೆಂಟ್ ಕಾರ್ಖಾನೆ. ಕನ್ನಡ ತರಗತಿಯಲ್ಲಿ ಮಳಖೇಡ ಅಂದರೆ ಮಾನ್ಯಖೇಟ, ನೃಪತುಂಗ, ಕವಿರಾಜಮಾರ್ಗ. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದು ಪಾಸಾಗಿದ್ದೇವೆ. ಅದೇ ಮಳಖೇಡದ ಸುತ್ತ ಇವತ್ತು ಗಣಿ, ಲಾರಿ, ಧೂಳು. ಅದು ನಮ್ಮ ಯಾವ ಪಠ್ಯದಲ್ಲೂ ಇಲ್ಲ. ಧೂಳಿನ ಮೇಲೆ ಯಾವ ಮೇಷ್ಟ್ರೂ ಪ್ರಶ್ನೆ ಕೇಳಲಿಲ್ಲ.

ಸಿಮೆಂಟ್ ಮಾಡೋದು ಅಂದರೆ ಸುಣ್ಣದಕಲ್ಲನ್ನು ಮಣ್ಣಿನ ಜೊತೆ ಅರೆದು ಸುಡೋದು. ಉದ್ದನೆಯ ಉಕ್ಕಿನ ಕೊಳವೆಯೊಂದು ನಿಧಾನವಾಗಿ ಉರುಳುತ್ತಿರುತ್ತದೆ. ಕಾರ್ಖಾನೆಯವರು ಅದಕ್ಕೆ ಕಿಲ್ನ್ ಅಂತಾರೆ, ನಾವು ಗೂಡು ಅನ್ನೋಣ. ಅದರೊಳಗೆ ಕಲ್ಲಿನ ಪುಡಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಂದು ಗಟ್ಟಿ ಉಂಡೆಗಳಾಗುತ್ತದೆ. ಅದೇ ಕ್ಲಿಂಕರ್. ಅದನ್ನು ಜಿಪ್ಸಮ್ ಜೊತೆ ಪುಡಿ ಮಾಡಿದರೆ ಸಿಮೆಂಟ್. ಒಂದು ಕೆ.ಜಿ. ಕ್ಲಿಂಕರ್ ಬೇಯಿಸಲು ಸುಮಾರು 700ರಿಂದ 750 ಕಿಲೋಕ್ಯಾಲೊರಿ ಶಾಖ ಬೇಕು. ಬಹಳ ವರ್ಷ ಅದಕ್ಕೆ ಕಲ್ಲಿದ್ದಲು, ಆಮೇಲೆ ಪೆಟ್‌ಕೋಕ್. ಈಗ ಅವುಗಳ ಜೊತೆಗೆ ಪೇಟೆಯ ಒಣಕಸ, ಹಳೆ ಟೈರು, ರಾಸಾಯನಿಕ ಕಾರ್ಖಾನೆಗಳ ಗಸಿ, ಹೊಲದ ಕಡ್ಡಿಕಸ. ಪೇಟೆಯ ಒಣಕಸವನ್ನು ಆರಿಸಿ, ಒಣಗಿಸಿ, ಕತ್ತರಿಸಿ ಮಾಡಿದ ಇಂಧನಕ್ಕೆ ಆರ್‌ಡಿಎಫ್ ಅಂತ ಹೆಸರು. ಇಂಥ ಇಂಧನ ತಯಾರಿಸುವ ಘಟಕದಿಂದ 100 ಕಿ.ಮೀ. ಒಳಗಿರುವ ಕಾರ್ಖಾನೆಗಳು ತಾವು ಸುಡುವ ಇಂಧನದಲ್ಲಿ ನೂರಕ್ಕೆ 5 ಪಾಲಾದರೂ ಇದನ್ನೇ ಸುಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತು.

ನಾವು ವಿಜ್ಞಾನದ ವೈರಿಗಳಲ್ಲ. ಬಯಲಲ್ಲಿ ಪ್ಲಾಸ್ಟಿಕ್ ಸುಟ್ಟು ಮಕ್ಕಳು ಕೆಮ್ಮೋದಕ್ಕಿಂತ 1450 ಡಿಗ್ರಿಯ ಗೂಡು ಮೇಲು. ಬೂದಿ ಕ್ಲಿಂಕರಿನಲ್ಲೇ ಸೇರಿಹೋಗುತ್ತದೆ. ಆಮ್ಲದ ಅನಿಲವನ್ನು ಬಹುಪಾಲು ಸುಣ್ಣ ಹೀರುತ್ತದೆ. ಕಲ್ಲಿದ್ದಲು ಉಳಿಯುತ್ತದೆ. ಇದೆಲ್ಲ ನಿಜ. ಬೆಂಗಳೂರಿನ ಕಸವನ್ನು ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಗುಡ್ಡೆ ಹಾಕಿದ್ದನ್ನೂ ನಾವು ಮರೆತಿಲ್ಲ. ಹಳ್ಳಿಯ ಜನ ಬೀದಿಗಿಳಿದ ಮೇಲೆ ತಾನೆ 2012ರಲ್ಲಿ ಮಾವಳ್ಳಿಪುರಕ್ಕೆ, 2014ರಲ್ಲಿ ಮಂಡೂರಿಗೆ ಕಸದ ಲಾರಿ ಬರೋದು ನಿಂತದ್ದು? ಸುರಿಯೋದಕ್ಕಿಂತ ಸುಡೋದು ಮೇಲು ಅನ್ನಿ, ಒಪ್ಪೋಣ. ಆದರೆ ಅರ್ಧ ನಿಜ ಹೇಳಿ ಇನ್ನರ್ಧ ನುಂಗುವವನು ಪೂರ್ತಿ ಸುಳ್ಳು ಹೇಳುವವನಿಗಿಂತ ಅಪಾಯ.

ನುಂಗಿದ ಆ ಅರ್ಧ ಯಾವುದು?

ಕಸ ಲಾರಿಯಿಂದ ನೇರ ಗೂಡಿಗೆ ಹೋಗಲ್ಲ ಕಣ್ರಪ್ಪ. ಗೂಡು ಬಲು ನಾಜೂಕು. ಹಸಿ ಕಸ ಅದಕ್ಕಾಗಲ್ಲ, ಶಾಖ ಇಳಿಯುತ್ತದೆ. ಕಲ್ಲು, ಕಬ್ಬಿಣ, ಗಾಜು ಆಗಲ್ಲ. ಕ್ಲೋರಿನ್ ಅಂತೂ ಆಗೋದೇ ಇಲ್ಲ. ಪಿವಿಸಿ ಪೈಪು, ರೆಕ್ಸಿನ್ನು, ವೈರಿನ ಸಿಪ್ಪೆ, ಇವುಗಳಲ್ಲಿ ಕ್ಲೋರಿನ್ ಇದೆ. ಅದು ಒಳಗೆ ಹೋದರೆ ಉಪ್ಪಾಗಿ, ಆವಿಯಾಗಿ, ಮೇಲಿನ ಕೊಳವೆಗಳಲ್ಲಿ ತಣಿದು ಅಂಟಿಕೊಂಡು ದಾರಿ ಕಟ್ಟುತ್ತದೆ. ಗೂಡು ನಿಂತರೆ ಉತ್ಪಾದನೆ ನಿಂತಿತು, ಲಾಭ ನಿಂತಿತು. ಅದಕ್ಕೇ ಬಂದ ಕಸದಲ್ಲಿ ಕ್ಲೋರಿನ್ ಎಷ್ಟು, ತೇವ ಎಷ್ಟು, ಶಾಖ ಎಷ್ಟು ಅಂತ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ.

ಹಾಗಾದರೆ ಆ ಕಸದಿಂದ ಪಿವಿಸಿ ಹೆಕ್ಕಿ ತೆಗೆದವರು ಯಾರು? ಹೇಸಿಗೆ ಮೆತ್ತಿದ ಡಯಾಪರು, ಒಡೆದ ಟ್ಯೂಬ್‌ಲೈಟು, ಆಸ್ಪತ್ರೆಯ ಸೂಜಿ ಬೇರೆ ಮಾಡಿದವರು ಯಾರು? ಯಂತ್ರ ಇದೆ, ಜರಡಿ ಇದೆ, ಅಯಸ್ಕಾಂತ ಇದೆ ಅಂತಾರೆ. ಇರಲಿ. ಯಂತ್ರ ಬಿಟ್ಟದ್ದನ್ನು ಹೆಕ್ಕುವುದು ಕೈ. ಯಂತ್ರವೇ ಇಲ್ಲದ ಊರಲ್ಲಿ ಎಲ್ಲವನ್ನೂ ಹೆಕ್ಕುವುದು ಕೈ. ಆ ಕೈ ಯಾವ ಕೇರಿಯದು ಅಂತ ಹಾಸ್ಟೆಲಿನ ನಿಮಗೆ ನಾನು ಹೇಳಬೇಕೆ?

ನೆಟ್ಟಗೆ ನೋಡಿ. ಗೂಡಿನ ಗಂಟಲು ಕಟ್ಟದಿರಲಿ ಅಂತ ಪ್ರಯೋಗಾಲಯ ಇದೆ, ಎಂಜಿನಿಯರ್ ಇದ್ದಾನೆ, ರಿಜಿಸ್ಟರ್ ಇದೆ. ಕಸ ಹೆಕ್ಕುವ ಅವ್ವನ ಗಂಟಲು ಕಟ್ಟಿದರೆ? ಕೈಗವಸು, ಬೂಟು, ಮಾಸ್ಕು, ಮಳೆಕೋಟು ಕೊಡಬೇಕು ಅಂತ ಅದೇ 2016ರ ನಿಯಮದಲ್ಲೇ ಬರೆದಿತ್ತು. ಒಂದೇ ಪುಸ್ತಕ, ಒಂದೇ ಮುದ್ರೆ. ಗೂಡಿನ ಪುಟವನ್ನು ತೆರೆದು ಓದುತ್ತಾರೆ, ಕೈಗವಸಿನ ಪುಟವನ್ನು ಫೋಟೋ ತೆಗೆಯುವ ದಿನ ಮಾತ್ರ ಓದುತ್ತಾರೆ. ಉಕ್ಕಿನ ಗೂಡಿಗೆ ಇರುವ ಮರ್ಯಾದೆ ಈ ದೇಶದಲ್ಲಿ ರಕ್ತಮಾಂಸದ ಗೂಡಿಗೆ ಇಲ್ಲ.

‘ಕಸ ವಿಂಗಡಿಸಿ’ ಅಂತ ಊರ ತುಂಬ ಗೋಡೆಬರಹ. ಕಸ ವಿಂಗಡಿಸುವ ಮೊದಲೇ ಈ ದೇಶ ಜನರನ್ನು ವಿಂಗಡಿಸಿ ಇಟ್ಟಿದೆ ಸ್ವಾಮಿ. ಕೆಲಸವನ್ನು ಮಾತ್ರ ಹಂಚಿಲ್ಲ, ದುಡಿಯುವ ಮನುಷ್ಯರನ್ನೇ ಹಂಚಿ ಬೇರೆಬೇರೆ ಮೆಟ್ಟಿಲಲ್ಲಿ ಕೂರಿಸಿದೆ ಎಂಬುದನ್ನು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. 2013ರಲ್ಲಿ ದೇಶಕ್ಕೆಲ್ಲ ಹೊಸ ಕಾಯ್ದೆಯೂ ಬಂತು. ಬುಟ್ಟಿ ತಲೆಯಿಂದ ಇಳಿಯಿತು ಅಂತ ನಾವು ಅಂದುಕೊಂಡೆವು. ಇಳಿದ ಬುಟ್ಟಿ ಈಗ ಕಸದ ಬೆಲ್ಟಾಗಿ ಅದೇ ಜನರ ಎದುರು ಓಡುತ್ತಿದೆ. ಹೆಸರು ಮಾತ್ರ ಹಸಿರು.

ಇನ್ನೊಂದು ಕಳ್ಳತನ ಇದೆ, ಅದು ಒಲೆಯದು. ಕಲಬುರಗಿ ತೊಗರಿಯ ನಾಡು. ತೊಗರಿ ಬಡಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಕೂಲಿಗೆ ಹೋದ ಹೆಂಗಸರು ಹೊರೆ ಕಟ್ಟಿ ತರುತ್ತಾರೆ. ಅದೇ ಒಲೆಗೆ ಸೌದೆ, ಅದೇ ಗುಡಿಸಲಿಗೆ ತಡಿಕೆ. ಸಿಲಿಂಡರ್ ಕೊಟ್ಟಿದ್ದೇವಲ್ಲ ಅಂತಾರೆ. ಕೊಟ್ಟಿದ್ದೀರಿ, ಖಾಲಿಯಾದ ಮೇಲೆ ತುಂಬಿಸೋಕೆ ದುಡ್ಡು ಕೊಟ್ಟಿದ್ದೀರಾ? ಕಾರ್ಖಾನೆಗಳ ಪರ್ಯಾಯ ಇಂಧನದ ಪಟ್ಟಿಯಲ್ಲಿ ಹೊಲದ ಕಡ್ಡಿಕಸವೂ ಇದೆ. ಕಟ್ಟಿಗೆಗೆ ಬೆಲೆ ಬಂದ ದಿನ ಹೊಲದ ಒಡೆಯ ಅದನ್ನು ಲಾರಿಗೆ ತುಂಬುತ್ತಾನೋ, ಭೂಮಿ ಇಲ್ಲದವಳ ತಲೆಗೆ ಏರಿಸುತ್ತಾನೋ? ನೀವೇ ಹೇಳಿ. ಗೂಡಿಗೆ ಪರ್ಯಾಯ ಸಿಕ್ಕಿತು. ಅವಳ ಒಲೆಗೆ ಪರ್ಯಾಯ ಏನು?

ಇದು ಹೊಸದಲ್ಲ. 1980ರ ದಶಕದಲ್ಲಿ ಸರ್ಕಾರವೂ ನಾರಿನ ಕಾರ್ಖಾನೆಯೂ ಸೇರಿ ಜಂಟಿ ಕಂಪನಿ ಮಾಡಿ, ಜನ ಸೌದೆ ಆಯುವ, ದನ ಮೇಯಿಸುವ ಸಾವಿರಾರು ಎಕರೆ ನೆಲದಲ್ಲಿ ನೀಲಗಿರಿ ಬೆಳೆಯಲು ಹೊರಟವು. ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಆ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಅಂದರು. ಬೇಡವಾದ್ದನ್ನು ಕೀಳುವುದು ಮಾತ್ರವಲ್ಲ, ಬೇಕಾದ್ದನ್ನು ಹಚ್ಚುವುದೂ ಹೋರಾಟವೇ ಎಂಬ ಪಾಠ ಅದು.

ಇನ್ನು ಹೊಗೆ. ಪಾದರಸ ಕ್ಲಿಂಕರಿನಲ್ಲಿ ನಿಲ್ಲಲ್ಲ, ಹೊಗೆಯ ಜೊತೆ ಮೇಲೇರುತ್ತದೆ. ಕ್ಲೋರಿನ್ ಇರುವ ಹೊಗೆ ನಿಧಾನವಾಗಿ ತಣಿದರೆ ಡಯಾಕ್ಸಿನ್ ಎಂಬ ವಿಷ ಕೂಡಿಕೊಳ್ಳಬಹುದು. ಕಸ ಸುಡುವ ಸಿಮೆಂಟ್ ಗೂಡಿನ ಒಂದು ಘನಮೀಟರ್ ಹೊಗೆಯಲ್ಲಿ ಇದು 0.1 ನ್ಯಾನೋಗ್ರಾಂ ಮೀರಬಾರದು ಅಂತ 2016ರಲ್ಲಿ ಮಿತಿ ಹಾಕಿದರು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಅಷ್ಟು ಸಣ್ಣ ಮಿತಿ ಹಾಕಿದ್ದಾರೆ ಅಂದರೆ ಎಷ್ಟು ದೊಡ್ಡ ವಿಷ ಅಂತ ಅರ್ಥ ಮಾಡಿಕೊಳ್ಳಿ. ಧೂಳನ್ನು ಹಗಲೂ ರಾತ್ರಿ ಅಳೆಯುವ ಯಂತ್ರ ಚಿಮಣಿಯಲ್ಲೇ ಇರುತ್ತದೆ. ಡಯಾಕ್ಸಿನ್‌ಗೆ ಆಗಾಗ ಹೊಗೆಯ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ಅದರ ಫಲಿತಾಂಶ ಕೇರಿಯ ಯಾವ ಗೋಡೆಗೆ ಅಂಟಿಸಿದ್ದಾರೆ? ನಾನಂತೂ ಕಂಡಿಲ್ಲ.

ಇಷ್ಟಕ್ಕೆಲ್ಲ ಅವರ ಉತ್ತರ ‘ಪರಿಸರ ಸುಧಾರಣಾ ಯೋಜನೆ’. ಗ್ಲಾಸು ಕಾಗದದ ಪುಸ್ತಕ. ಎಷ್ಟು ಗಿಡ, ಎಷ್ಟು ಕಲ್ಲಿದ್ದಲು ಉಳಿತಾಯ, ಎಷ್ಟು ಇಂಗಾಲ ಕಡಿಮೆ. ಸಿಮೆಂಟ್ ಸುಡುವಾಗ ಹೊರಡುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನದಿಂದಲ್ಲ, ಸುಣ್ಣದಕಲ್ಲಿನಿಂದಲೇ ಬರುತ್ತದೆ ಎಂಬುದನ್ನು ದೊಡ್ಡಕ್ಷರದಲ್ಲಿ ಬರೆಯಲ್ಲ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಅಳೆದು 43 ಕಡೆ ಪರಿಸ್ಥಿತಿ ವಿಪರೀತ ಕೆಟ್ಟಿದೆ ಎಂದಿತು. ನಮ್ಮ ಮಂಗಳೂರು, ಭದ್ರಾವತಿ ಆ ಪಟ್ಟಿಯಲ್ಲಿದ್ದವು. ಸುಧಾರಣೆಗೆ ಯೋಜನೆಗಳೂ ತಯಾರಾದವು. ಗಾಳಿಗೆ ನಂಬರು, ನೀರಿಗೆ ನಂಬರು. ಕಸ ಮುಟ್ಟುವ ಕೈಗೆ ಯಾವ ನಂಬರು?

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. 30 ದಿನ ಮೊದಲು ತಿಳಿಸಬೇಕು. ನಡಾವಳಿಯನ್ನು ಸಭೆಯ ಕೊನೆಗೆ ಜನರ ಭಾಷೆಯಲ್ಲಿ ಓದಿ ಹೇಳಬೇಕು. ಕಾಗದದಲ್ಲಿ ಚೆನ್ನಾಗಿದೆ. ಶಾಮಿಯಾನದಡಿ ಏನಾಗುತ್ತದೆ? ಮುಂದಿನ ಕುರ್ಚಿ ಗೌಡರಿಗೆ, ಗುತ್ತಿಗೆದಾರರಿಗೆ. ನಮ್ಮವರು ಬಿಸಿಲಲ್ಲಿ ನಿಂತು ಬಿಸ್ಕತ್ತು ತಿಂದು ಬರುತ್ತಾರೆ. ಬಾಯಿ ಬಿಟ್ಟರೆ, ‘ನಿಮ್ಮ ಹುಡುಗರಿಗೇ ಕೆಲಸ ಬರೋದು, ಸುಮ್ನಿರಿ.’

ಯಾವ ಕೆಲಸ? ಬೆಲ್ಟಿನ ಪಕ್ಕ ಹೆಕ್ಕುವ ಕೆಲಸವೋ, ಪ್ರಯೋಗಾಲಯದಲ್ಲಿ ಅಳೆಯುವ ಕೆಲಸವೋ? ಇದನ್ನು ಕೇಳದೆ ಕೆಲಸ ಕೆಲಸ ಅಂತ ಕುಣಿಯುವವರು ಉರಿಯೋ ಮನೆಯಲ್ಲಿ ಗಳ ಹಿರಿಯುವವರು. ಕಾಡು, ಹುಲಿ ಅಂದರೆ ಕಣ್ಣೀರಿಟ್ಟು, ಕೇರಿ ಅಂದರೆ ಮೂಗು ಮುಚ್ಚುವ ಪರಿಸರವಾದಿಗಳಿಗೂ ಒಂದು ಮಾತು. ಕೇರಿಯೂ ಪರಿಸರವೇ ಸ್ವಾಮಿ.

ನಮ್ಮ ಒತ್ತಾಯ ಇಷ್ಟು:

1. ಗೂಡಿನ ಇಂಧನ ಬದಲಿಸುವ ಮೊದಲು ಸುತ್ತಲ ಕೇರಿಗಳಲ್ಲೇ, ಕನ್ನಡದಲ್ಲೇ ಸಭೆ ನಡೆಯಲಿ.

2. ಕಸ ಬೇರೆ ಮಾಡುವವರಿಗೆ ಕಾಯಂ ಕೆಲಸ, ರಕ್ಷಣೆಯ ಸಾಮಾನು, ವೈದ್ಯಕೀಯ ತಪಾಸಣೆ ಇಲ್ಲದ ಕಡೆಯಿಂದ ಒಂದು ಲಾರಿ ಕಸವೂ ಗೂಡಿಗೆ ಹೋಗಬಾರದು. ಕ್ಲೋರಿನ್ ಪರೀಕ್ಷೆಯಷ್ಟೇ ಇದೂ ಕಡ್ಡಾಯ.

3. ಮತ್ತೆ ಬಳಸಬಹುದಾದ ಪ್ಲಾಸ್ಟಿಕ್ ಆಯುವವರ ಪಾಲು. ಅದನ್ನು ಸುಡಬಾರದು.

4. ಕೂಲಿಯವರ ಒಲೆ ಉರಿಯದೆ ತೊಗರಿ ಕಟ್ಟಿಗೆ ಕಾರ್ಖಾನೆಯ ಗೇಟು ದಾಟಬಾರದು.

5. ಚಿಮಣಿಯ ಲೆಕ್ಕವೆಲ್ಲ, ಪಾದರಸ ಡಯಾಕ್ಸಿನ್ ಸೇರಿ, ಕೇರಿಯ ಗೋಡೆ ಮೇಲೆ ಕನ್ನಡದಲ್ಲಿ ಬರಲಿ.

ಗೆಳೆಯರೇ, ನಾವು ಆರ್ಟ್ಸ್ ಓದಿದವರು, ಇದೆಲ್ಲ ಸೈನ್ಸಿನವರ ವಿಷಯ ಅಂತ ರೂಮಿನ ಬಾಗಿಲು ಹಾಕಿಕೊಳ್ಳಬೇಡಿ. ನಾನೂ ಪದ್ಯ ಬರೆಯುವವನೇ. ಕ್ಲೋರಿನ್ ಅಂದರೇನು ಅಂತ ಪಕ್ಕದ ರೂಮಿನ ಡಿಪ್ಲೊಮಾ ಗೆಳೆಯನನ್ನು ಕೇಳಿ ತಿಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ನಿಮ್ಮ ಊರಿನ ಕಾರ್ಖಾನೆಯ ಅನುಮತಿ ಪತ್ರ, ಅಹವಾಲು ಸಭೆಯ ನಡಾವಳಿ ಅರ್ಜಿ ಹಾಕಿ ತರಿಸಿ. ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೆ ಮಾಡಿ. ರಜೆಗೆ ಹೋದಾಗ ಕೇರಿಯ ಕಟ್ಟೆ ಮೇಲೆ ಕೂತು ಅವ್ವಂದಿರಿಗೆ ಓದಿ ಹೇಳಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.

ಮುಂದಿನ ಸಲ ಶಾಮಿಯಾನ ಹಾಕಿದಾಗ ಆ ಅವ್ವಂದಿರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರಬೇಕು. ಪಕ್ಕದಲ್ಲಿ ನಾವಿರಬೇಕು. ಕೈಯಲ್ಲಿ ಅವರದೇ ವರದಿ ಇರಬೇಕು, ಅದರ ತುಂಬ ನಮ್ಮ ಪೆನ್ನಿನ ಗೀಟು ಇರಬೇಕು.

ಜೈಭೀಮ್.