ಮಗುವಿನ ಬಾಕಿ ವಸೂಲಿ ಮಾಡುವವರು ಯಾರು?

ನಮ್ಮೂರು ಕೊರವಂಗಲದಲ್ಲಿ ಕರೆಂಟ್ ಬಿಲ್ ಕಟ್ಟದೆ ಬಿಟ್ಟರೆ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾನೆ. ಸಂಘದ ವಾರದ ಕಂತು ತಪ್ಪಿದರೆ ಸಂಜೆಯೊಳಗೆ ಮನೆ ಬಾಗಿಲಿಗೆ ಜನ ಬರುತ್ತಾರೆ. ಸೊಸೈಟಿ ಸಾಲ ಪಹಣಿಯ 11ನೇ ಕಾಲಂನಲ್ಲಿ ಕೂತಿರುತ್ತದೆ. ಬೈಕಿನ ಇಎಂಐಯನ್ನು ಬ್ಯಾಂಕೇ ಖಾತೆಯಿಂದ ಎಳೆದುಕೊಳ್ಳುತ್ತದೆ. ಹೀಗೆ ಪ್ರತಿಯೊಂದು ಬಾಕಿಗೂ ಒಬ್ಬ ವಸೂಲಿದಾರ ಇದ್ದಾನೆ. ಆದರೆ ಮಗುವಿಗೆ ಕೊಡಬೇಕೆಂದು ನ್ಯಾಯಾಲಯವೇ ಅಪ್ಪನಿಗೆ ಆದೇಶ ಮಾಡಿದ ಜೀವನಾಂಶ ಬಾಕಿ ಉಳಿದರೆ? ಅದನ್ನು ವಸೂಲಿ ಮಾಡುವ ಕೆಲಸ ತಾಯಿಯ ತಲೆಗೇ ಬರುತ್ತದೆ.

ಕಾನೂನು ಇಲ್ಲವೆಂದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಹೆಂಡತಿ, ಅಪ್ರಾಪ್ತ ಮಕ್ಕಳು ಮತ್ತು ತಂದೆ–ತಾಯಿಗೆ ಜೀವನಾಂಶ ಕೇಳುವ ಹಕ್ಕು ಕೊಟ್ಟಿತ್ತು. 2024ರ ಜುಲೈ 1ರಿಂದ ಅದೇ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್‌ನಲ್ಲಿದೆ. ಹಿಂದೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ. 2001ರ ತಿದ್ದುಪಡಿಯಲ್ಲಿ ಆ ಮಿತಿ ಹೋಯಿತು. ಗಂಡ–ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿತು. ಆದೇಶ ಪಡೆಯುವವರೆಗಿನ ದಾರಿ ಕಷ್ಟವಾದರೂ ಇದೆ.

ಆದೇಶ ಕೈಗೆ ಬಂದ ಮೇಲಿನ ಕಥೆ ಬೇರೆ. ಅಪ್ಪ ಹಣ ಕೊಡದಿದ್ದರೆ ತಾಯಿ ಮತ್ತೆ ಅರ್ಜಿ ಹಾಕಬೇಕು. ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಹಾಕದಿದ್ದರೆ ಈ ಸೆಕ್ಷನ್ ಪ್ರಕಾರ ವಾರಂಟ್ ಹೊರಡಿಸುವಂತಿಲ್ಲ. ಹಾಕಿದರೆ, ದಂಡ ವಸೂಲಿ ಮಾಡುವ ರೀತಿಯಲ್ಲೇ ಆ ಬಾಕಿಯನ್ನು ವಸೂಲಿ ಮಾಡಲು ವಾರಂಟ್ ಹೊರಡುತ್ತದೆ. ಆಗಲೂ ಹಣ ಬರದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಓದುವುದಕ್ಕೆ ಬಿಗಿಯಾಗಿದೆ. ಆದರೆ ಅವನು ಈಗ ಎಲ್ಲಿದ್ದಾನೆ, ಯಾರ ಹತ್ತಿರ ಕೆಲಸ ಮಾಡುತ್ತಾನೆ, ಯಾವ ಬ್ಯಾಂಕಿನಲ್ಲಿ ಖಾತೆ ಇದೆ, ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನೆಲ್ಲ ಪತ್ತೆ ಮಾಡಿ ತರಬೇಕಾದವಳು ತಾಯಿಯೇ. ವಕೀಲರನ್ನು ಹಿಡಿಯುವುದರ ಜೊತೆಗೆ ಅಮೀನನ ಕೆಲಸವೂ ಅವಳದೇ.

ನಮ್ಮ ಕಡೆಯ ಅಕ್ಕ ಒಬ್ಬರಿಗೆ ಮಗಳ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡಬೇಕೆಂದು ಆದೇಶವಾಗಿದೆ. ಮೂರು ತಿಂಗಳು ಹಣ ಬಂತು, ಆಮೇಲೆ ನಿಂತಿತು. ಗಂಡ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾನೆಂದು ಎಲ್ಲರಿಗೂ ಗೊತ್ತು. ವಾರಂಟ್ ಮಾತ್ರ ‘ಸದರಿ ವಿಳಾಸದಲ್ಲಿ ವಾಸವಿಲ್ಲ’ ಎಂಬ ಷರಾದೊಂದಿಗೆ ಎರಡು ಸಲ ವಾಪಸ್ ಬಂತು. ಹೊಸ ವಿಳಾಸ ತಂದುಕೊಡಿ ಎಂದು ಅಕ್ಕನಿಗೇ ಹೇಳಿದರು. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯುತ್ತದೆ ನಿಜ, ಆದರೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. “ಆರ್ಡರ್ ಕಾಗ್ದ ಜೋಪಾನವಾಗಿ ಮಡಗಿದೀನಿ ಕಣಪ್ಪ. ಅದ್ನ ತೋರಿಸಿದ್ರೆ ಸ್ಕೂಲ್ ಫೀಸ್ ಬಿಡ್ತಾರಾ?” ಎಂದು ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೀಗೆ ಎಳೆದಷ್ಟೂ ಲಾಭ ಆಗುವುದು ಕೊಡಬೇಕಾದವನಿಗೆ. ಎಂಟನೇ ತರಗತಿಯ ಮಗುವಿನ ಬಾಕಿ ಅದು ಪಿಯುಸಿ ಮುಗಿಸಿದ ಮೇಲೆ ಬಂದರೆ, ಆ ವರ್ಷಗಳ ಪುಸ್ತಕ, ಚಪ್ಪಲಿ, ಹಾಲು ವಾಪಸ್ ಬರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಈ ಸೆಕ್ಷನ್ ಪ್ರಕಾರ, ಅಂಗವೈಕಲ್ಯದಂಥ ಕಾರಣವಿಲ್ಲದಿದ್ದರೆ ಮಗನ ಹಕ್ಕು 18 ವರ್ಷಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬುವುದು ಸಿಇಟಿ ಬರೆದು ಸೀಟಿಗೆ ಹಣ ಹೊಂದಿಸುವ ಹೊತ್ತಿಗೆ. ಆಗ ಹಳೆಯ ಬಾಕಿಯಾದರೂ ಕೈಗೆ ಬಂದರೆ ಒಂದು ವರ್ಷದ ಕಾಲೇಜು ನಡೆಯುತ್ತದೆ.

ಉನ್ನತ ನ್ಯಾಯಾಲಯಗಳು ಬಹಳ ಹಿಂದಿನಿಂದಲೇ ತಾಯಂದಿರ ಪರ ನಿಂತಿವೆ. ಜೈಲಿಗೆ ಹೋಗಿಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ, ಜೈಲು ವಸೂಲಿಗೆ ಇರುವ ಒಂದು ಉಪಾಯವಷ್ಟೇ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. 2005ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, ಒಮ್ಮೆ ಅವಧಿಯೊಳಗೆ ವಸೂಲಿ ಅರ್ಜಿ ಹಾಕಿದ್ದರೆ ಆಮೇಲಿನ ಬಾಕಿಗೆ ಮತ್ತೆ ಮತ್ತೆ ಹೊಸ ಅರ್ಜಿ ಬೇಕಿಲ್ಲ ಎಂದಿತು. ಆದರೆ ತೀರ್ಪು ತಾನಾಗಿ ಎದ್ದು ಹೋಗಿ ಹಣ ತರುವುದಿಲ್ಲ. ಅದಕ್ಕೊಬ್ಬ ಮನುಷ್ಯ, ಒಂದು ಮೇಜು, ಒಂದು ಕಡತ ಬೇಕು.

ಇದಕ್ಕಾಗಿ ದೊಡ್ಡ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ದಂಡ ವಸೂಲಿಯ ನಿಯಮದಲ್ಲಿ ಒಂದು ದಾರಿ ಈಗಲೇ ಇದೆ: ನ್ಯಾಯಾಲಯ ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಿ, ಆ ಮೊತ್ತವನ್ನು ಭೂಕಂದಾಯ ಬಾಕಿಯಂತೆ ವಸೂಲಿ ಮಾಡಿ ಎನ್ನಬಹುದು. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಲ್ಲಿ, ಕೆಲಸ ಕೊಟ್ಟವರೇ ಸಂಬಳದ ಒಂದು ಭಾಗವನ್ನು ನೇರವಾಗಿ ಆ ಮಹಿಳೆಗೆ ಕೊಡಬೇಕೆಂದು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಅಧಿಕಾರ ಪುಸ್ತಕದಲ್ಲಿದೆ, ಅದನ್ನು ದಿನವೂ ಬಳಸುವ ಕಚೇರಿ ಇಲ್ಲ. ವಯಸ್ಸಾದ ತಂದೆ–ತಾಯಿಗಾದರೆ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಎದುರು ಹೋಗುವ ಇನ್ನೊಂದು ಬಾಗಿಲಿದೆ. ಮಕ್ಕಳಿಗೆ ಅಂಥದ್ದಿಲ್ಲ.

ನಾನು ಕೇಳುವುದು ತಾಲ್ಲೂಕಿಗೊಂದು ಜೀವನಾಂಶ ವಸೂಲಿ ಘಟಕ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೇ ಮೊದಲು ಮಾಡಿ ನೋಡಬಹುದು. ಆದೇಶ ಹೊರಬಿದ್ದ ದಿನವೇ ಅದು ಘಟಕದಲ್ಲಿ ದಾಖಲಾಗಲಿ. ಸಂಬಳದಾರನಾದರೆ ಸಂಬಳದಿಂದ ಕಡಿತವಾಗಲಿ, ಇಲ್ಲವೇ ಇಎಂಐಯಂತೆ ಬ್ಯಾಂಕಿನಿಂದ ತಿಂಗಳಿಗೊಮ್ಮೆ ತಾಯಿಯ ಖಾತೆಗೆ ಹೋಗಲಿ. ಒಂದು ಕಂತು ತಪ್ಪಿದ ಕೂಡಲೇ ನೋಟಿಸ್ ಕಳಿಸುವುದು, ವಸೂಲಿ ಅರ್ಜಿ ಹಾಕುವುದು, ವಿಳಾಸ ಹುಡುಕುವುದು ಘಟಕದ ಹೊಣೆಯಾಗಲಿ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಗೆ ಇದೇ ಸರ್ಕಾರಿ ವ್ಯವಸ್ಥೆ ಮನೆಮನೆಯ ಯಜಮಾನಿಯನ್ನು ಆಧಾರ್ ಮೂಲಕ ಗುರುತಿಸಿ 2,000 ರೂಪಾಯಿ ಹಾಕಲು ಕಲಿಯಿತು. ನ್ಯಾಯಾಲಯ ಹೇಳಿದರೂ ಒಬ್ಬ ಅಪ್ಪನನ್ನು ಗುರುತಿಸಲು ಆಗುವುದಿಲ್ಲವೆಂದರೆ ನಂಬುವುದು ಕಷ್ಟ.

ಹೊರದೇಶಗಳಲ್ಲಿ ಇದು ಹೊಸದಲ್ಲ. ಅಮೆರಿಕದಲ್ಲಿ 1975ರ ಕಾನೂನಿನಿಂದ ಪ್ರತಿ ರಾಜ್ಯದಲ್ಲೂ ಸರ್ಕಾರವೇ ಮಕ್ಕಳ ಜೀವನಾಂಶ ವಸೂಲಿ ಮಾಡುತ್ತದೆ; ಬಾಕಿ 2,500 ಡಾಲರ್ ದಾಟಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಜರ್ಮನಿಯಲ್ಲಿ ಅಪ್ಪ ಕೊಡದಿದ್ದರೆ ಸರ್ಕಾರ ಮಗುವಿಗೆ ಮುಂಗಡ ಕೊಟ್ಟು, ಆಮೇಲೆ ಅವನಿಂದ ವಸೂಲಿಗೆ ಇಳಿಯುತ್ತದೆ. ಎಲ್ಲ ಕಡೆಯೂ ಸಲೀಸಾಗಿ ನಡೆದಿದೆ ಎಂದೇನಲ್ಲ. ಬ್ರಿಟನ್ 1993ರಲ್ಲಿ ಶುರುಮಾಡಿದ ಸಂಸ್ಥೆ ತಪ್ಪು ಲೆಕ್ಕ, ಬೆಟ್ಟದಷ್ಟು ಬಾಕಿಗಳಿಂದ ಹೆಸರು ಕೆಡಿಸಿಕೊಂಡಿತು. 2012ರಲ್ಲಿ ಬೇರೆ ವ್ಯವಸ್ಥೆ ತರಬೇಕಾಯಿತು. ಕಚೇರಿಗೆ ಬೋರ್ಡು ಹಾಕಿದರೆ ಸಾಲದು, ಕೆಲಸ ಮಾಡುವ ಜನ ಬೇಕು ಎಂಬುದಕ್ಕೆ ಅದು ಪಾಠ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: ಅಪ್ಪನೇ ಕೂಲಿಯವನಾದರೆ? ಈ ಪ್ರಶ್ನೆ ನ್ಯಾಯವಾದದ್ದೇ. ಕೊಡಲಾಗದವನು ಬೇರೆ, ಕೊಡದವನು ಬೇರೆ. ದುಡಿಮೆ ಇಲ್ಲದವನನ್ನು ಜೈಲಿಗೆ ಹಾಕಿದರೆ ಮಗುವಿಗೆ ಹಣ ಹುಟ್ಟುವುದಿಲ್ಲ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಲು ಕಾನೂನಿನಲ್ಲೇ ಅವಕಾಶವಿದೆ. ಅದಕ್ಕೂ ಇದೇ ಘಟಕ ಅವನಿಗೆ ನೆರವಾಗಲಿ. ಅಲ್ಲಿಯವರೆಗೆ ಮಗುವಿಗೆ ಸಣ್ಣ ಮೊತ್ತದ ಮುಂಗಡವನ್ನು ಸರ್ಕಾರ ಕೊಡಲಿ. ಆದರೆ ಜಮೀನು ತಾತನ ಹೆಸರಿನಲ್ಲೇ ಇರಲೆಂದು ಖಾತೆ ಮಾಡಿಸಿಕೊಳ್ಳದೆ, ಸಂಬಳವನ್ನು ನಗದಿನಲ್ಲೇ ಪಡೆದು ‘ನನ್ನ ಹತ್ತಿರ ಏನೂ ಇಲ್ಲ’ ಎನ್ನುವವನ ಮಾತು ಬೇರೆ.

ಎರಡನೆಯದನ್ನು ನನ್ನ ವಯಸ್ಸಿನ ಹುಡುಗರೇ ಹೆಚ್ಚು ಹೇಳುತ್ತಾರೆ: ಜೀವನಾಂಶ ಎಂದರೆ ಸುಲಿಗೆ. 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಹೆಂಡತಿಯೊಬ್ಬರು ತಿಂಗಳಿಗೆ ಆರು ಲಕ್ಷಕ್ಕೂ ಹೆಚ್ಚು ಕೇಳಿದ ವಿಡಿಯೊ ಹಾಸ್ಟೆಲ್ ಗ್ರೂಪ್‌ಗಳಲ್ಲಿ ಸುತ್ತಾಡಿತು. ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ ಎಂಬುದೂ ಅದೇ ವಿಡಿಯೊದಲ್ಲಿದೆ. ಅತಿಯಾಗಿ ಕೇಳಿದರೆ ತಡೆಯಲು ನ್ಯಾಯಾಲಯವಿದೆ. ಸುಳ್ಳು ಕೇಸು ಹಾಕಿದವರಿಗೆ ಶಿಕ್ಷೆಯಾಗಲಿ, ನನ್ನದೇನೂ ತಕರಾರಿಲ್ಲ. ಆದರೆ ನಾನು ಹೇಳುತ್ತಿರುವುದು ಎರಡೂ ಕಡೆಯ ವಾದ ಕೇಳಿ, ಮೊತ್ತ ನಿಗದಿಯಾಗಿ, ಆದೇಶವಾದ ಮೇಲೂ ಬಾರದ ಹಣದ ಬಗ್ಗೆ. ಗಂಡ–ಹೆಂಡತಿ ಜಗಳದಲ್ಲಿ ಯಾರದು ತಪ್ಪೋ, ಮಗುವಿನದಂತೂ ಅಲ್ಲ.

ಘಟಕ ಬರುವವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ. ನಿಮ್ಮ ಬೀದಿಯಲ್ಲಿ ಆದೇಶದ ಕಾಗದ ಹಿಡಿದು ಕೂತ ಅಕ್ಕ ಇದ್ದರೆ ಜೊತೆಗೆ ಹೋಗಿ. ಬ್ಯಾಂಕ್ ಪಾಸ್‌ಬುಕ್ ತೆಗೆದು ಯಾವ ತಿಂಗಳಿಂದ ಹಣ ಬಂದಿಲ್ಲ ಎಂದು ಎಣಿಸಿ. ಆ ಎಣಿಕೆ 12 ದಾಟುವ ಮೊದಲು ಅರ್ಜಿ ಹಾಕಿಸಿ.